ಆರು ರುಚಿಯಿಂದ ಅರವತ್ತಮೂರು ಬಗೆ: ಗಣಿತಜ್ಞ ಮಹಾವೀರಾಚಾರ್ಯರು



ಪ್ರಥಮ ಪಿಯುಸಿಯ ಕಿರುಪರೀಕ್ಷೆಯಲ್ಲಿ ನನಗೆ ಗಣಿತದಲ್ಲಿ ಪಾಸಾಗುವಷ್ಟೂ ಅಂಕ ಬಂದಿರಲಿಲ್ಲ. ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಹೋಗುತ್ತೇನೆಂದು ಅಮ್ಮಿಗೆ ಹೇಳಿಯೂ ಆಗಿತ್ತು. ಅದೇ ವಾರ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಪೈಥಾನ್‌ನಲ್ಲಿ ಬರೆಯುತ್ತಿದ್ದ ಚಿಕ್ಕ ಗೇಮ್ ಪದೇ ಪದೇ ನಿಂತುಹೋಗುತ್ತಿತ್ತು.

ಆ ಗೇಮಿನಲ್ಲಿ ನಮ್ಮ ದಾಂಡೇಲಿಯ ಕಾಡು ಇದೆ. ಆಡಿದಾಗಲೆಲ್ಲ ಹೊಸ ಕಾಡು ಬರಬೇಕು. ಸಾವಿರ ನಕ್ಷೆ ಬಿಡಿಸಿಡಲು ನನಗೆ ಸಮಯವಿಲ್ಲ, ಪೆನ್ ಡ್ರೈವಿನಲ್ಲಿ ಜಾಗವೂ ಇಲ್ಲ. ಹಾಗಾಗಿ ಮರ, ಬಿದಿರು, ಹೊಳೆ, ಬಂಡೆ, ಮಂಗಟ್ಟೆ ಹಕ್ಕಿ, ಕಾಡುಕೋಣ ಎಂಬ ಆರು ತುಣುಕು ಕೊಟ್ಟು, ಜೋಡಿಸುವ ನಿಯಮವನ್ನಷ್ಟೇ ಕಂಪ್ಯೂಟರಿಗೆ ಕಲಿಸಬೇಕು. ಇದಕ್ಕೆ ಪ್ರೊಸೀಜರಲ್ ಜನರೇಷನ್ ಎನ್ನುತ್ತಾರೆ. ಆರು ತುಣುಕಿನಿಂದ ಎಷ್ಟು ಬಗೆಯ ಕಾಡು ಬರುತ್ತದೆ ಎಂದು ಗಣಿತದ ಸರ್ ಅವರನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ, ಒಂದು ಹೆಸರು ಹೇಳಿದರು: ಮಹಾವೀರಾಚಾರ್ಯ.

ಮಹಾವೀರಾಚಾರ್ಯರು 9ನೇ ಶತಮಾನದ ಜೈನ ಗಣಿತಜ್ಞರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದವರು. ಆಗಿನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. 851ರ ಅರಬ್ ವ್ಯಾಪಾರಿ ಸುಲೈಮಾನನ ಬರಹದಲ್ಲಿ ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿರುವುದು ರಾಷ್ಟ್ರಕೂಟ ದೊರೆಯನ್ನೇ. ಅದೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಇದ್ದರು. ನಾವು ದಿನವೂ ಹೇಳುವ ಅಲ್ಗಾರಿದಮ್ ಎಂಬ ಪದ ಅವರ ಹೆಸರಿನಿಂದಲೇ ಬಂದದ್ದು.

ಸುಮಾರು 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಖಗೋಳದ ಜೊತೆ ಬೆರೆಸದೆ, ಪೂರ್ತಿ ಗಣಿತಕ್ಕೇ ಮೀಸಲಾದ ಪುಸ್ತಕ ಅದು. ಅಡುಗೆ, ವೈದ್ಯ, ಸಂಗೀತ, ಛಂದಸ್ಸು, ವ್ಯಾಪಾರ ಎಲ್ಲಕ್ಕೂ ಲೆಕ್ಕ ಬೇಕೆಂದು ಅವರು ಆರಂಭದಲ್ಲೇ ಹೇಳುತ್ತಾರೆ. ಲೆಕ್ಕಗಳನ್ನೂ ಹಣ್ಣು, ಹೂವು, ಮುತ್ತಿನ ಹಾರಗಳ ಕಥೆಯಾಗಿ ಕೊಡುತ್ತಾರೆ. 27994681 ಅನ್ನು 441ರಿಂದ ಗುಣಿಸಿ ನೋಡಿ; 12345654321 ಬರುತ್ತದೆ. ಹೀಗೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಉತ್ತರಗಳು ಅವರಿಗೆ ಇಷ್ಟ.

ನನ್ನ ಪ್ರಶ್ನೆಗೂ ಅಲ್ಲಿ ಉತ್ತರವಿತ್ತು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಸೇರಿಸಬಹುದು ಎಂದು ಅವರು ಕೇಳುತ್ತಾರೆ. ಒಂದೊಂದೇ ಆದರೆ 6. ಎರಡೆರಡು ಆದರೆ ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಬೇಕು, 15. ಮುಂದೆ 20, 15, 6, 1. ಒಟ್ಟು 63. ಎಷ್ಟು ವಸ್ತುಗಳಿದ್ದರೂ ಅನ್ವಯಿಸುವ ಸಾಮಾನ್ಯ ನಿಯಮವನ್ನೇ ಅವರು ಕೊಟ್ಟಿದ್ದಾರೆ. ನಾವು ಪಿಯುಸಿಯಲ್ಲಿ ವಿಕಲ್ಪ ಎಂದು ಓದುವುದು ಅದನ್ನೇ. ನನ್ನ ಗೇಮಿನಲ್ಲೂ 63 ಬಗೆಯ ಕಾಡು!

ಅವರೂ ಒಂದು ಕಡೆ ತಪ್ಪಿದ್ದಾರೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಗುರುತಿಸಿದ ಅವರೇ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದರು. ಮೂರು ಶತಮಾನದ ನಂತರ ಭಾಸ್ಕರಾಚಾರ್ಯರು ಅದನ್ನು ಅನಂತ ಎಂದರು. ಇಂದಿನ ಗಣಿತದಲ್ಲಿ ಆ ಭಾಗಾಕಾರಕ್ಕೆ ಅರ್ಥವೇ ಇಲ್ಲ.

ಇದನ್ನು ಓದಿದಾಗ ನನ್ನ ಗೇಮ್ ನಿಲ್ಲುವುದೇಕೆಂದು ಹೊಳೆಯಿತು. ಮರಗಳ ಸಂಖ್ಯೆಯಿಂದ ಭಾಗಿಸುವ ಒಂದು ಸಾಲು ಬರೆದಿದ್ದೆ. ಮರವೇ ಇಲ್ಲದ ಕಾಡು ಬಂದಾಗಲೆಲ್ಲ ಅಲ್ಲಿ ಸೊನ್ನೆ! ಮೊದಲು ಮರ ಇದೆಯೇ ಎಂದು ಕೇಳುವ ಸಾಲು ಸೇರಿಸಿದೆ. ಗೇಮ್ ಓಡಿತು.

ಆ ಒಂದು ತಪ್ಪಿನಿಂದ ಮಹಾವೀರಾಚಾರ್ಯರ ಪುಸ್ತಕ ಮೂಲೆ ಸೇರಲಿಲ್ಲ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದರು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಅಚ್ಚಾಯಿತು.

ನಾನು ವಿಜ್ಞಾನ ಬಿಡಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪಾಸಾದೆ, ಹೆಚ್ಚೇನೂ ಅಲ್ಲ. ಕಡಿಮೆ ಅಂಕ ಬಂದಿದೆಯೆಂದು ಗಣಿತ ಬಿಡಲು ಹೊರಟಿರುವ ಗೆಳೆಯ ಗೆಳತಿಯರೇ, ಒಂದು ವಾರ ತಡೆಯಿರಿ. ನಿಮ್ಮ ಸೊನ್ನೆ ಎಲ್ಲಿದೆ ಎಂದು ಮೊದಲು ಹುಡುಕಿ.