ಹೋವಿ ಮೊರೆಂಜ್

ಹೋವಿ ಮೊರೆಂಜ್ (21 ಸೆಪ್ಟೆಂಬರ್ 1902 – 8 ಮಾರ್ಚ್ 1937) ಕೆನಡಾದ ವೃತ್ತಿಪರ ಐಸ್ ಹಾಕಿ ಆಟಗಾರರು. ಮುನ್ಪಡೆಯ ಸೆಂಟರ್ ಸ್ಥಾನದಲ್ಲಿ ಆಡುತ್ತಿದ್ದ ಇವರು ನ್ಯಾಷನಲ್ ಹಾಕಿ ಲೀಗ್‌ನ ಮೊದಲ ಮಹಾತಾರೆಗಳಲ್ಲಿ ಒಬ್ಬರೆಂದು ಪರಿಗಣಿತರಾಗಿದ್ದಾರೆ. ಹಿಮದಂಕಣದ ಮೇಲಿನ ಅವರ ವೇಗ ಅಸಾಧಾರಣವಾಗಿತ್ತು.

ಆರಂಭಿಕ ಜೀವನ

ಮೊರೆಂಜ್ ಒಂಟಾರಿಯೊ ಪ್ರಾಂತ್ಯದ ಮಿಚೆಲ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಮುಂದೆ ಕುಟುಂಬವು ಸಮೀಪದ ಸ್ಟ್ರಾಟ್‌ಫರ್ಡ್ ಪಟ್ಟಣಕ್ಕೆ ಬಂದು ನೆಲೆಸಿತು. ಅಲ್ಲಿ ಹವ್ಯಾಸಿ ಆಟಗಾರರಾಗಿ ಹೆಸರು ಗಳಿಸಿದ ಅವರು 1923ರಲ್ಲಿ ಮಾಂಟ್ರಿಯಲ್ ಕನೇಡಿಯನ್ಸ್ ತಂಡದ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಊರು ಬಿಡಲು ಮನಸ್ಸಾಗದೆ ಒಪ್ಪಂದದಿಂದ ಬಿಡುಗಡೆ ಕೋರಿದರು. ತಂಡದ ಒಡೆಯ ಲಿಯೊ ಡ್ಯಾಂಡುರಾಂಡ್ ಅದಕ್ಕೆ ಒಪ್ಪದ ಕಾರಣ ಮಾಂಟ್ರಿಯಲ್‌ಗೆ ತೆರಳಿದರು.

ವೃತ್ತಿಜೀವನ

ಮೊದಲ ಋತುವಿನಲ್ಲೇ, 1924ರಲ್ಲಿ, ತಂಡವು ಸ್ಟ್ಯಾನ್ಲಿ ಕಪ್ ಗೆದ್ದಿತು. 1930 ಮತ್ತು 1931ರಲ್ಲಿ ಪುನಃ ಆ ಗೌರವ ಲಭಿಸಿತು. 1927–28ರ ಋತುವಿನಲ್ಲಿ ಮೊರೆಂಜ್ 33 ಗೋಲು ಗಳಿಸಿ, 18 ಗೋಲುಗಳಿಗೆ ನೆರವಾಗಿ, ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಪಡೆದರು. 1929–30ರಲ್ಲಿ 44 ಪಂದ್ಯಗಳಿಂದ 40 ಗೋಲು ಹೊಡೆದರು. ತನ್ನ ತಂಡಕ್ಕೆ ಅತ್ಯಂತ ಮೌಲ್ಯಯುತನೆನಿಸಿದ ಆಟಗಾರನಿಗೆ ನೀಡುವ ಹಾರ್ಟ್ ಟ್ರೋಫಿಯನ್ನು 1928, 1931 ಮತ್ತು 1932ರಲ್ಲಿ ಪಡೆದರು.

ಗಾಯಗಳಿಂದಾಗಿ ಅವರ ವೇಗ ಕ್ರಮೇಣ ಕುಂದಿತು. 1934ರಲ್ಲಿ ಅವರನ್ನು ಚಿಕಾಗೊ ಬ್ಲ್ಯಾಕ್ ಹಾಕ್ಸ್ ತಂಡಕ್ಕೆ ಬಿಟ್ಟುಕೊಡಲಾಯಿತು. ಅಲ್ಲಿಂದ ನ್ಯೂಯಾರ್ಕ್ ರೇಂಜರ್ಸ್ ತಂಡಕ್ಕೆ ಹೋದರು. ಸೆಸಿಲ್ ಹಾರ್ಟ್ ಮತ್ತೆ ಕನೇಡಿಯನ್ಸ್ ತರಬೇತುದಾರರಾದಾಗ, 1936ರಲ್ಲಿ, ಮೊರೆಂಜ್ ಕೂಡ ಹಳೆಯ ತಂಡಕ್ಕೆ ಮರಳಿದರು.

ಮರಣ

1937ರ ಜನವರಿ 28ರಂದು ಮಾಂಟ್ರಿಯಲ್ ಫೋರಂ ಕ್ರೀಡಾಂಗಣದಲ್ಲಿ ಚಿಕಾಗೊ ವಿರುದ್ಧ ಆಡುತ್ತಿದ್ದಾಗ ಮೊರೆಂಜ್ ಅವರ ಸ್ಕೇಟ್ ಅಂಕಣದ ಅಂಚಿನ ಹಲಗೆಗೆ ಸಿಕ್ಕಿಕೊಂಡಿತು. ಎದುರಾಳಿ ರಕ್ಷಕ ಅರ್ಲ್ ಸೀಬರ್ಟ್ ಅವರ ಮೇಲೆ ಬಿದ್ದುದರಿಂದ ಕಾಲು ಹಲವೆಡೆ ಮುರಿಯಿತು. ಮತ್ತೆಂದೂ ಆಡಲಾಗದೆಂಬ ಚಿಂತೆ ಆಸ್ಪತ್ರೆಯಲ್ಲಿ ಅವರನ್ನು ತೀವ್ರವಾಗಿ ಕಾಡಿತು. ಮಾರ್ಚ್ 8ರಂದು, ತಮ್ಮ 34ನೆಯ ವಯಸ್ಸಿನಲ್ಲಿ, ಅಲ್ಲಿಯೇ ನಿಧನರಾದರು. ರಕ್ತದ ಹೆಪ್ಪು ಮರಣಕ್ಕೆ ಕಾರಣವೆಂದು ಹೇಳಲಾಯಿತು. ಆಟವನ್ನು ಕಳೆದುಕೊಂಡ ದುಃಖವೇ ಕಾರಣವೆಂದು ಸಹ ಆಟಗಾರ ಔರೆಲ್ ಜೋಲಿಯಾ ನಂಬಿದ್ದರು. ಫೋರಂನಲ್ಲಿಯೇ ಅಂತಿಮ ಸಂಸ್ಕಾರದ ವಿಧಿ ನಡೆಯಿತು. ಸಾವಿರಾರು ಜನ ಅಂತಿಮ ದರ್ಶನ ಪಡೆದರು.

ಗೌರವಗಳು

ಕನೇಡಿಯನ್ಸ್ ತಂಡವು ಅವರ 7ನೆಯ ಸಂಖ್ಯೆಯ ಅಂಗಿಯನ್ನು ಅವರ ಗೌರವಾರ್ಥ ನಿವೃತ್ತಿಗೊಳಿಸಿತು. 1945ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ತಂಡದ ಆಟಗಾರರಲ್ಲಿ ಮೊರೆಂಜ್ ಒಬ್ಬರು. 1950ರಲ್ಲಿ ಕೆನಡಿಯನ್ ಪ್ರೆಸ್ ಸುದ್ದಿಸಂಸ್ಥೆಯು ನಡೆಸಿದ ಆಯ್ಕೆಯಲ್ಲಿ ಅರ್ಧ ಶತಮಾನದ ಶ್ರೇಷ್ಠ ಹಾಕಿ ಆಟಗಾರರೆಂಬ ಮನ್ನಣೆ ಅವರಿಗೆ ದೊರೆಯಿತು.