ಜಾನ್ ಹೋವರ್ಡ್ (ಸೆರೆಮನೆ ಸುಧಾರಕ)

ಜಾನ್ ಹೋವರ್ಡ್ (1726–1790) ಇಂಗ್ಲೆಂಡಿನ ಸೆರೆಮನೆ ಸುಧಾರಕ. ಸೆರೆಮನೆಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುತ್ತಿದ್ದ ಮಾರಕ ಜ್ವರದ ಮೂಲವನ್ನು ಅಲ್ಲಿನ ಗಾಳಿ, ನೀರು, ಹಾಸಿಗೆ, ಬಟ್ಟೆ ಮತ್ತು ಆಹಾರದಲ್ಲಿ ಹುಡುಕಲು ಯೂರೋಪಿನ ನೂರಾರು ಕಾರಾಗೃಹಗಳನ್ನು ಸ್ವತಃ ಹೊಕ್ಕು ಪರಿಶೀಲಿಸಿದ. ಈತನ ಹೇಳಿಕೆಗಳ ಫಲವಾಗಿ 1774ರಲ್ಲಿ ಕೈದಿಗಳ ಆರೋಗ್ಯ ರಕ್ಷಣೆಯ ಕಾಯಿದೆ ಜಾರಿಗೆ ಬಂದಿತು.

ಆರಂಭಿಕ ಜೀವನ

ಹೋವರ್ಡ್ ಲಂಡನ್ ಪರಿಸರದ ಶ್ರೀಮಂತ ವರ್ತಕನ ಮಗ. ತಾಯಿಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡ. 1742ರಲ್ಲಿ ತಂದೆ ತೀರಿಕೊಂಡ ಮೇಲೆ ಆಸ್ತಿ ಈತನ ಪಾಲಿಗೆ ಬಂದಿತು. 1755ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪದಿಂದ ನಾಶವಾದಾಗ ಅಲ್ಲಿಗೆ ಹೊರಟ ಈತನ ಹಡಗನ್ನು ಫ್ರೆಂಚರು ಸೆರೆಹಿಡಿದರು. ಬ್ರೆಸ್ಟ್ ಕೋಟೆಯಲ್ಲಿ ಅನ್ನ ನೀರಿಗೂ ಪರದಾಡಿ, ಹುಲ್ಲಿನ ಮೇಲೆ ಮಲಗಿ ಕಳೆದ ದಿನಗಳು ಈತನಿಗೆ ಕೈದಿಯ ಬದುಕನ್ನು ಪರಿಚಯಿಸಿದವು. ಬಿಡುಗಡೆಯ ಬಳಿಕ ಬೆಡ್‌ಫರ್ಡ್‌ಷೈರ್ ಪ್ರಾಂತದ ಕಾರ್ಡಿಂಗ್‌ಟನ್ ಗ್ರಾಮದಲ್ಲಿ ನೆಲೆಸಿ, ತನ್ನ ಗೇಣಿದಾರರಿಗೆ ಗಾಳಿ ಬೆಳಕುಗಳುಳ್ಳ ಮನೆಗಳನ್ನು ಕಟ್ಟಿಸಿಕೊಟ್ಟ.

ಸೆರೆಮನೆಗಳ ಪರಿಶೀಲನೆ

1773ರಲ್ಲಿ ಹೋವರ್ಡ್ ಬೆಡ್‌ಫರ್ಡ್‌ಷೈರಿನ ಹೈ ಷೆರಿಫ್ ಆಗಿ ನೇಮಕಗೊಂಡ. ಈ ಹುದ್ದೆಯಲ್ಲಿದ್ದವರು ಸೆರೆಮನೆಯ ಕಡೆಗೆ ತಿರುಗಿ ನೋಡುವ ವಾಡಿಕೆ ಇರಲಿಲ್ಲ. ಹೋವರ್ಡ್ ಒಳಹೊಕ್ಕು ನೋಡಿದ. ಜೈಲರನಿಗೆ ಸಂಬಳವಿರಲಿಲ್ಲ, ಕೈದಿಗಳು ಕೊಡುವ ಶುಲ್ಕವೇ ಆತನ ಜೀವನೋಪಾಯ. ನ್ಯಾಯಾಲಯದಲ್ಲಿ ನಿರಪರಾಧಿ ಎಂದು ತೀರ್ಮಾನವಾದವರೂ ಶುಲ್ಕ ತೆರಲಾರದೆ ಮತ್ತೆ ಸೆರೆಗೇ ಮರಳುತ್ತಿದ್ದರು. ಜೈಲರನಿಗೆ ಸಂಬಳ ಕೊಡುವ ಪದ್ಧತಿ ಬೇರೆಡೆ ಇದೆಯೇ ಎಂದು ತಿಳಿಯಲು ನೆರೆಯ ಪ್ರಾಂತಗಳಿಗೆ ಹೊರಟ ಈತನ ಪ್ರವಾಸ ಕ್ರಮೇಣ ದೇಶದಾದ್ಯಂತ ಹಬ್ಬಿತು.

ಹೋದಲ್ಲೆಲ್ಲ ಕಂಡದ್ದು ಸೆರೆಮನೆ ಜ್ವರ. ಇದನ್ನು ಇಂದು ಟೈಫಸ್ ಎಂದು ಗುರುತಿಸಲಾಗಿದೆ. ಇದು ಟೈಫಾಯಿಡ್‌ಗಿಂತ ಬೇರೆಯಾದ ರೋಗ. ಈ ಜ್ವರ ಗೋಡೆಗಳ ಒಳಗೇ ಉಳಿಯುತ್ತಿರಲಿಲ್ಲ. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯಕ್ಕೆ ಕರೆತಂದ ಕೈದಿಗಳಿಂದ ಸೋಂಕು ಹರಡಿ ನಗರದ ಮೇಯರ್, ನ್ಯಾಯಾಧೀಶರು ಮತ್ತು ಅನೇಕ ಸಭಿಕರು ಮೃತಪಟ್ಟಿದ್ದರು. ಗಲ್ಲಿಗೇರಿದ ಅಪರಾಧಿಗಳಿಗಿಂತ ಈ ಜ್ವರಕ್ಕೆ ಬಲಿಯಾದ ಕೈದಿಗಳೇ ಹೆಚ್ಚು ಎಂದು ಹೋವರ್ಡ್ ತೀರ್ಮಾನಿಸಿದ.

ಈತನ ಪರಿಶೀಲನೆ ಕ್ರಮಬದ್ಧವಾಗಿತ್ತು. ಕೋಣೆಗಳ ಉದ್ದಗಲ, ಕಿಟಕಿಗಳು, ನೀರಿನ ಲಭ್ಯತೆ, ಚರಂಡಿ, ಹಾಸುಹುಲ್ಲು, ರೊಟ್ಟಿಯ ತೂಕ, ಕೈದಿಗಳ ಸಂಖ್ಯೆ ಇವೆಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದ. ಕೆಲವೆಡೆ ನೀರೇ ಇರಲಿಲ್ಲ. ಕಿಟಕಿಗಳಿಗೆ ತೆರಿಗೆ ಇದ್ದುದರಿಂದ ಜೈಲರರು ಅವನ್ನು ಮುಚ್ಚಿಸುತ್ತಿದ್ದರು. ಭೇಟಿಯ ನಂತರ ಬಟ್ಟೆಗೆ ಅಂಟಿದ ದುರ್ವಾಸನೆಯಿಂದಾಗಿ ಮುಚ್ಚಿದ ಗಾಡಿಯಲ್ಲಿ ಕುಳಿತುಕೊಳ್ಳಲಾಗದೆ ಕುದುರೆಯ ಮೇಲೆಯೇ ಸಂಚರಿಸುತ್ತಿದ್ದ. ಟಿಪ್ಪಣಿ ಪುಸ್ತಕದ ಹಾಳೆಗಳನ್ನು ಬೆಂಕಿಗೆ ಹಿಡಿದು ಕಾಯಿಸಿದ ಮೇಲಷ್ಟೇ ಬಳಸಲು ಸಾಧ್ಯವಾಗುತ್ತಿತ್ತು.

1774ರ ಕಾಯಿದೆಗಳು

1774ರ ಮಾರ್ಚ್‌ನಲ್ಲಿ ಹೋವರ್ಡ್ ಹೌಸ್ ಆಫ್ ಕಾಮನ್ಸ್ ಮುಂದೆ ಹೇಳಿಕೆ ನೀಡಿದ. ಅದೇ ವರ್ಷ ಎರಡು ಕಾಯಿದೆಗಳು ಅಂಗೀಕಾರವಾದವು. ಮೊದಲನೆಯದು ನಿರಪರಾಧಿಗಳಿಂದ ಶುಲ್ಕ ವಸೂಲು ಮಾಡುವುದನ್ನು ನಿಲ್ಲಿಸಿತು. ಎರಡನೆಯದು ವರ್ಷಕ್ಕೊಮ್ಮೆಯಾದರೂ ಗೋಡೆಗಳನ್ನು ಕೆರೆದು ಸುಣ್ಣ ಬಳಿಯಬೇಕು, ಗಾಳಿಯಾಡುವಂತೆ ನೋಡಿಕೊಳ್ಳಬೇಕು, ರೋಗಿಗಳಿಗೆ ಪ್ರತ್ಯೇಕ ಕೋಣೆ, ಸ್ನಾನದ ವ್ಯವಸ್ಥೆ ಮತ್ತು ವೈದ್ಯನನ್ನು ಒದಗಿಸಬೇಕು ಎಂದು ವಿಧಿಸಿತು. ಆದರೆ ಅನೇಕ ಅಧಿಕಾರಿಗಳು ಇದನ್ನು ಪಾಲಿಸಲಿಲ್ಲ. ಹೋವರ್ಡ್ ಮತ್ತೆ ಮತ್ತೆ ಭೇಟಿ ನೀಡಿ ಲೋಪಗಳನ್ನು ದಾಖಲಿಸಿದ. 1777ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸೆರೆಮನೆಗಳ ಸ್ಥಿತಿಗತಿಯನ್ನು ಕುರಿತ ಈತನ ಪ್ರಸಿದ್ಧ ಗ್ರಂಥ ಪ್ರಕಟವಾಯಿತು.

ರೋಗಮೂಲದ ವಿಚಾರ

ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಆದರೆ ಯೂರೋಪಿನ ಇತರ ದೇಶಗಳ ಕೆಲವು ಸೆರೆಮನೆಗಳು ಇಂಗ್ಲೆಂಡಿನವುಗಳಷ್ಟೇ ಕೊಳಕಾಗಿದ್ದರೂ ಅಲ್ಲಿ ಈ ಜ್ವರ ಇರದಿದ್ದುದನ್ನು ಹೋವರ್ಡ್ ಗಮನಿಸಿದ. ಗಾಳಿ ಮತ್ತು ಕೊಳಕಿನ ಜೊತೆಗೆ ಬೇರೊಂದು ಕಾರಣವೂ ಇರಬೇಕೆಂದು ತರ್ಕಿಸಿ, ಆಹಾರ ಮತ್ತು ವಸತಿಯ ಹಠಾತ್ ಬದಲಾವಣೆಯೇ ಅದೆಂದು ಊಹಿಸಿದ. ಈ ಊಹೆ ಸರಿಯಾಗಿರಲಿಲ್ಲ. ಟೈಫಸ್ ಮೈಹೇನುಗಳಿಂದ ಹರಡುತ್ತದೆ ಎಂಬುದನ್ನು 1909ರಲ್ಲಿ ಷಾರ್ಲ್ ನಿಕೋಲ್ ಟ್ಯೂನಿಸ್‌ನಲ್ಲಿ ತೋರಿಸಿಕೊಟ್ಟ. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾಕ್ಕೆ 1916ರಲ್ಲಿ ರಿಕೆಟ್ಸಿಯಾ ಪ್ರೊವಾಜೆಕಿ ಎಂಬ ಹೆಸರು ಬಂದಿತು. ಆದರೂ ಹೋವರ್ಡ್ ಸೂಚಿಸಿದ ಕ್ರಮಗಳು ರೋಗದ ಬೇರಿಗೇ ತಗಲುವಂತಿದ್ದವು: ಹೊಸ ಕೈದಿಗೆ ಸ್ನಾನ, ಶುಭ್ರವಾದ ಬಟ್ಟೆ, ಹಳೆಯ ಬಟ್ಟೆಗಳನ್ನು ಬಿಸಿ ಒಲೆಯಲ್ಲಿಟ್ಟು ಕ್ರಿಮಿಗಳನ್ನು ಕೊಲ್ಲುವುದು. ಇವು ಹೇನುಗಳನ್ನು ನಾಶಮಾಡುವ ಉಪಾಯಗಳೇ ಆಗಿವೆ.

ಕೊನೆಯ ವರ್ಷಗಳು

ಮುಂದೆ ಹೋವರ್ಡ್‌ನ ಗಮನ ಪ್ಲೇಗ್ ತಡೆಯ ಕಡೆಗೆ ಹರಿಯಿತು. ಕ್ವಾರಂಟೈನ್ ಕೇಂದ್ರಗಳ ಒಳಸ್ಥಿತಿಯನ್ನು ಅನುಭವದಿಂದಲೇ ತಿಳಿಯಲು, ಸ್ಮಿರ್ನಾದಿಂದ ಸೋಂಕಿನ ಶಂಕೆಯಿದ್ದ ಹಡಗನ್ನೇ ಆರಿಸಿಕೊಂಡು ವೆನಿಸ್‌ಗೆ ತೆರಳಿ ಅಲ್ಲಿ ಬಂಧನದಲ್ಲಿ ಉಳಿದ. ಎಷ್ಟು ತೊಳೆದರೂ ತನ್ನ ಕೋಣೆಯ ದುರ್ವಾಸನೆ ಹೋಗದಿದ್ದಾಗ ಗೋಡೆಗಳಿಗೆ ಸುಣ್ಣ ಬಳಿಸಿದ. ಈ ಅನುಭವಗಳನ್ನೊಳಗೊಂಡ ಗ್ರಂಥ 1789ರಲ್ಲಿ ಹೊರಬಂದಿತು. ಅದೇ ವರ್ಷ ರಷ್ಯಕ್ಕೆ ಹೊರಟು ಸೈನಿಕ ಆಸ್ಪತ್ರೆಗಳನ್ನು ಪರಿಶೀಲಿಸಿದ. ಈಗ ಉಕ್ರೇನಿನಲ್ಲಿರುವ ಖೆರ್ಸಾನ್‌ನಲ್ಲಿ ಜ್ವರಪೀಡಿತ ಯುವತಿಯೊಬ್ಬಳಿಗೆ ಚಿಕಿತ್ಸೆ ನೀಡಿದ ಬಳಿಕ ತಾನೂ ಜ್ವರಕ್ಕೆ ತುತ್ತಾಗಿ 1790ರ ಜನವರಿ 20ರಂದು ನಿಧನನಾದ. ಅದು ಟೈಫಸ್ ಆಗಿದ್ದಿರಬೇಕೆಂದು ಭಾವಿಸಲಾಗಿದೆ. ಸಮಾಧಿ ಖೆರ್ಸಾನ್ ಬಳಿಯಲ್ಲಿದೆ.

ಸ್ಮರಣೆ

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಮತ್ತು ಬೆಡ್‌ಫರ್ಡ್ ಪಟ್ಟಣದಲ್ಲಿ ಹೋವರ್ಡ್‌ನ ಪ್ರತಿಮೆಗಳಿವೆ. 1866ರಲ್ಲಿ ಈತನ ಹೆಸರಿನಲ್ಲಿ ಸ್ಥಾಪನೆಯಾದ ಸಂಘ ಮುಂದೆ ಹೋವರ್ಡ್ ಲೀಗ್ ಫಾರ್ ಪೀನಲ್ ರಿಫಾರ್ಮ್ ಎಂಬ ಸಂಸ್ಥೆಯ ಭಾಗವಾಯಿತು.