ಸಂಗಮನಾಥನ ಅಪ್ಪಣೆ

ಟಿಟ್ವಾಳಾದ ಮಹಾಗಣಪತಿಯ ನೆರಳಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಕಲ್ಯಾಣವೆಂದರೆ ಆಂಬಿವಲಿ, ಶಹಾಡಗಳಾಚೆಯ ರೈಲು ಜಂಕ್ಷನ್. ಕನ್ನಡ ನಾಡಿನ ಭಕ್ತಿಚರಿತ್ರೆಯಲ್ಲಿ ಬೆಳಗುವ ಕಲ್ಯಾಣ ಬೇರೆ. ಅದು ಬೀದರ ಜಿಲ್ಲೆಯ ಬಸವಕಲ್ಯಾಣ. 12ನೆಯ ಶತಮಾನದಲ್ಲಿ ಅಲ್ಲಿ ಭಂಡಾರಿಗಳಾಗಿದ್ದ ಬಸವಣ್ಣನವರು ದೈವಾಜ್ಞೆಯನ್ನು ಶಿರಸಾವಹಿಸಿ, ಆ ಪಾಲನೆಯಿಂದಲೇ ಲೌಕಿಕ ಸಂಪದವೆಲ್ಲವನ್ನೂ ಕಳೆದುಕೊಂಡ ಮಹಾನುಭಾವರು.

ಬಾಗೇವಾಡಿಯಲ್ಲಿ ಮಾದರಸ–ಮಾದಲಾಂಬಿಕೆಯರ ಪುತ್ರರಾಗಿ ಜನಿಸಿದ ಅವರು ಕರ್ಮಮಾರ್ಗದಲ್ಲಿ ತೃಪ್ತಿ ಕಾಣದೆ, ಜನಿವಾರವನ್ನು ತೊರೆದು, ಕೃಷ್ಣಾ–ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಬಂದರು. ಅಲ್ಲಿನ ಪೂಜೆ, ಧ್ಯಾನಗಳಲ್ಲಿ ಅವರ ಮನಸ್ಸು ನೆಲೆಗೊಂಡಿತು. ಹರಿಹರ ಕವಿ ಹೇಳುವಂತೆ, ಸಂಗಮನಾಥನು ಸ್ವಪ್ನದಲ್ಲಿ ಕಾಣಿಸಿಕೊಂಡು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗಬೇಕೆಂದು ಅಪ್ಪಣೆಯಿತ್ತನು. ಸ್ವಾಮಿಯನ್ನು ಅಗಲಲಾರದೆ ಬಸವಣ್ಣನವರು ಕಣ್ಣೀರಿಟ್ಟರು. ಆದರೂ ಹೊರಟರು.

ಇಂದಿನ ಸೋಲಾಪುರ ಜಿಲ್ಲೆಯ ಮಂಗಳವೇಢೆಯೇ ಆ ಮಂಗಳವಾಡ. ಅಲ್ಲಿ ಲೆಕ್ಕ ಬರೆಯುವ ಕರಣಿಕರಾಗಿ ಸೇರಿದ ಅವರು ನಿಷ್ಠೆಯಿಂದ ಭಂಡಾರಿಯ ಪದವಿಗೇರಿದರು. ಬಿಜ್ಜಳನು 1157ರ ಸುಮಾರಿಗೆ ಚಾಲುಕ್ಯರ ಅಧಿಕಾರವನ್ನು ಕೈವಶಮಾಡಿಕೊಂಡ ಮೇಲೆ ಕಲ್ಯಾಣವೇ ಅವರ ಕಾರ್ಯಕ್ಷೇತ್ರವಾಯಿತು. ಅಲ್ಲಮಪ್ರಭು, ಅಕ್ಕಮಹಾದೇವಿ, ಮಡಿವಾಳ ಮಾಚಯ್ಯರಂಥ ಶರಣರು ಅವರ ಸುತ್ತ ನೆರೆದರು. ರಾಜಭಂಡಾರದ ಹಣ ಜಂಗಮರ ಪಾಲಾಗುತ್ತಿದೆಯೆಂದು ಅಸೂಯಾಪರರು ದೂರಿತ್ತರು. ಲೆಕ್ಕ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ.

ಆದರೆ ಲೆಕ್ಕದ ಪುಸ್ತಕದಿಂದ ಬಗೆಹರಿಯದ ಪರೀಕ್ಷೆಯೊಂದು ಮುಂದೆ ಕಾದಿತ್ತು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಶರಣ ಮಧುವರಸರ ಮಗಳನ್ನು, ಪಾದರಕ್ಷೆ ಮಾಡುವ ಕಾಯಕದ ಶರಣ ಹರಳಯ್ಯನವರ ಮಗನಿಗೆ ಕೊಡುವುದೆಂದು ನಿಶ್ಚಯವಾಯಿತು. ಇದನ್ನು ತಡೆದಿದ್ದರೆ ಬಸವಣ್ಣನವರ ಪದವಿ ಉಳಿಯುತ್ತಿತ್ತು. ಆದರೆ ಶಿವಭಕ್ತರಲ್ಲಿ ಕುಲಭೇದವಿಲ್ಲವೆಂಬ ಬೋಧೆ ಬರಿಯ ಬಾಯಿಮಾತಾಗುತ್ತಿತ್ತು. ಅವರು ತಡೆಯಲಿಲ್ಲ. ವರ್ಣಸಂಕರವಾಯಿತೆಂದು ಕೆರಳಿದ ಅರಸನು ವಧೂವರರ ತಂದೆಯರಿಬ್ಬರನ್ನೂ ಘೋರ ಶಿಕ್ಷೆಗೆ ಗುರಿಮಾಡಿದನೆಂಬುದು ಪರಂಪರೆಯಿಂದ ಬಂದ ಕಥನ. ತಮ್ಮ ಮಾತನ್ನು ನಂಬಿದವರು ನೋಯುವುದನ್ನು ಕಾಣುವುದಕ್ಕಿಂತ ಕಠಿಣವಾದ ದುಃಖ ಗುರುಸ್ಥಾನದಲ್ಲಿರುವವರಿಗೆ ಬೇರೊಂದಿಲ್ಲ.

ಬಸವಣ್ಣನವರು ಅಧಿಕಾರವನ್ನು ತ್ಯಜಿಸಿ, ಎಲ್ಲಿಂದ ಕಣ್ಣೀರಿಡುತ್ತ ಹೊರಟಿದ್ದರೋ ಆ ಸಂಗಮಕ್ಕೇ ಮರಳಿ ಅಲ್ಲಿಯೇ ಐಕ್ಯರಾದರು. 1167ರ ಸುಮಾರಿಗೆ ಬಿಜ್ಜಳನೂ ಕೊಲೆಗೀಡಾದನು. ಚೆನ್ನಬಸವಣ್ಣನವರ ನೇತೃತ್ವದಲ್ಲಿ ಶರಣರು ಉಳವಿಯತ್ತ ಚದುರಿದರು.

ಲೌಕಿಕ ದೃಷ್ಟಿಗೆ ಇದು ಸೋಲು. ಆದರೆ ಮಠ ಮನೆಗಳ ತಾಳೆಗರಿಗಳಲ್ಲಿ ವಚನಗಳು ಉಳಿದುಕೊಂಡವು. ಅವನ್ನು ಹುಡುಕಿ ಕೂಡಿಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದಾಗ ಕನ್ನಡಿಗರಿಗೆ ಆ ನಿಧಿ ಮತ್ತೆ ದೊರೆಯಿತು. ಅಪ್ಪಣೆಯಿತ್ತ ದೇವರು ಸುಖದ ಭರವಸೆಯನ್ನೇನೂ ಕೊಟ್ಟಿರಲಿಲ್ಲ. ಸೇವಕರೂ ಅದನ್ನು ಕೇಳಿರಲಿಲ್ಲ. ಫಲವನ್ನು ಕಾಣುವ ಭಾಗ್ಯ ಮಾತ್ರ ಮುಂದಿನ ತಲೆಮಾರುಗಳದಾಯಿತು.